ಗವಾಯಿಗಳ ತಲಾಠಿ

ಸೋಲಾಪುರ, ಅಕ್ಕಲಕೋಟ, ಮಂಗಳವೇಢೆಯ ಸೀಮೆಯಲ್ಲಿ ಗಾಯನದ ಬೈಠಕ್ ಎಲ್ಲಿ ನಡೆದರೂ ಮುಂದಿನ ಸಾಲುಗಳಲ್ಲಿ ಒಬ್ಬರು ಕಾಯಂ ಕೂತಿರುತ್ತಾರೆ. ವಯಸ್ಸು ಐವತ್ತರ ಮೇಲೆ, ಇಸ್ತ್ರಿ ಮಾಡಿದ ಅಂಗಿ, ಕಿಸೆಯಲ್ಲಿ ಪೆನ್ನು. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ, ಸಿಟ್ಟು ಬಂದಾಗ ಎರಡೂ. ತಂಬೂರಿ ಇನ್ನೂ ಶ್ರುತಿಗೂಡುತ್ತಿರುವಾಗಲೇ ಪಕ್ಕದವರ ಕಡೆ ವಾಲಿ, ‘ಇವರ ಮೂಲ ಊರು ಯಾವುದು ಗೊತ್ತದ ಏನ್ರಿ ಮಾಲಕ?’ ಎಂದು ಕೇಳುತ್ತಾರೆ. ಗೊತ್ತಿಲ್ಲ ಎಂದರೆ ಹೇಳುತ್ತಾರೆ. ಗೊತ್ತಿದೆ ಎಂದರೂ ಹೇಳುತ್ತಾರೆ. ವಿಲಂಬಿತ ಖ್ಯಾಲು ಮೊದಲ ಸಮಕ್ಕೆ ಬಂದು ಸಭೆಯೆಲ್ಲ ತಲೆದೂಗುವ ಹೊತ್ತಿಗೆ ಇವರು ಗಾಯಕರ ಅಜ್ಜನ ಮನೆತನಕ್ಕೆ ತಲುಪಿರುತ್ತಾರೆ, ದ್ರುತ್ ಶುರುವಾಗುವಾಗ ಬೀಗರ ಊರಿಗೆ. ಹೊಲಕ್ಕೆ ಸಾತ್‌ಬಾರಾ ಉತಾರ ಎಂಬ ಹಕ್ಕಿನ ದಾಖಲೆ ಇರುವ ಹಾಗೆ ಗವಾಯಿಗೂ ಒಂದು ಉತಾರ ಇರಬೇಕು, ಅದರಲ್ಲಿ ಕಬ್ಜೆದಾರರ ಕಾಲಮ್ಮಿನಲ್ಲಿ ‘ನಮ್ಮವರು’ ಎಂದು ಬರೆದಿರಬೇಕು ಎಂಬುದು ಇವರ ಜೀವನದ ನಂಬಿಕೆ. ಊರಿನ ಹೊಲಗಳ ದಾಖಲೆ ಬರೆಯಲು ತಲಾಠಿ ಇರುವ ಹಾಗೆ, ಸಂಬಳವಿಲ್ಲದೆ, ವರ್ಗಾವಣೆಯಿಲ್ಲದೆ, ನಿವೃತ್ತಿಯೂ ಇಲ್ಲದೆ ಇವರು ಗವಾಯಿಗಳ ತಲಾಠಿ.

ಈ ತಲಾಠಿಯ ದಫ್ತರ ಬಿಚ್ಚಿ ನೋಡಿದರೆ ಮೊದಲು ಕಣ್ಣಿಗೆ ಬೀಳುವುದು ಅದರ ಕಾನೂನು. ಪ್ರತಿಯೊಬ್ಬ ಗವಾಯಿಗೂ ಕಾನೂನು ಬೇರೆ. ಭೀಮಸೇನ ಜೋಶಿಯವರ ವಿಷಯದಲ್ಲಿ ಹುಟ್ಟೂರೇ ಪ್ರಮಾಣ: ಗದಗಿನವರು, ಮುಗಿಯಿತು, ಪುಣೆಯಲ್ಲಿ ಕಳೆದ ಇಡೀ ಆಯುಷ್ಯ ಬರೀ ಬಾಡಿಗೆ ಮನೆಯ ಲೆಕ್ಕ. ಕುಮಾರ ಗಂಧರ್ವರು 1948ರಿಂದ ಮಧ್ಯಪ್ರದೇಶದ ದೇವಾಸದಲ್ಲೇ ಉಳಿದು ಮಾಳವದ ಜನಪದ ಧಾಟಿ, ಕಬೀರನ ಪದ ಹಾಡಿದರು. ಇರಲಿ, ಬೆಳಗಾವಿ ಹತ್ತಿರದ ಸುಳೇಭಾವಿಯಲ್ಲಿ ಹುಟ್ಟಿದ ಶಿವಪುತ್ರ ಸಿದ್ಧರಾಮಯ್ಯ ಕೋಂಕಾಳಿಮಠ ಅವರು. ತಂದೆಯ ಹೆಸರು ಸಿದ್ಧರಾಮಯ್ಯ ಎಂದಮೇಲೆ ಅದು ಸೊನ್ನಲಿಗೆಯ, ಅಂದರೆ ಸೋಲಾಪುರದ, ಸಿದ್ಧರಾಮನ ಹೆಸರೇ ಆಯಿತಲ್ಲ, ಆದ್ದರಿಂದ ಆ ಹಾಡಿಕೆಯಲ್ಲಿ ಸೋಲಾಪುರಕ್ಕೂ ನಾಲ್ಕಾಣೆ ಪಾಲು. ಅಬ್ದುಲ್ ಕರೀಂ ಖಾನರ ಹತ್ತಿರ ಬಂದಾಗ ಹುಟ್ಟೂರಿನ ಕಲಂ ರದ್ದಾಗುತ್ತದೆ. ಅವರು ಉತ್ತರ ಪ್ರದೇಶದ ಕೈರಾನಾದವರು, ಮನೆ ಮಾಡಿದ್ದು ಮಿರಜಿನಲ್ಲಿ, 1937ರಲ್ಲಿ ತೀರಿಕೊಂಡದ್ದು ಪಾಂಡಿಚೇರಿಯ ದಾರಿಯಲ್ಲಿ ಒಂದು ತಮಿಳು ರೇಲ್ವೆ ಸ್ಟೇಷನ್ನಿನಲ್ಲಿ. ಮೂರು ಕಡೆಯೂ ಕನ್ನಡ ಸಿಗದಿದ್ದಾಗ ತಲಾಠಿ ಶಿಷ್ಯರ ಕಾಲಂ ತೆರೆಯುತ್ತಾರೆ: ಕುಂದಗೋಳದ ಸವಾಯಿ ಗಂಧರ್ವರು, ಅವರ ಕೈಕೆಳಗೆ ಗಂಗೂಬಾಯಿ ಹಾನಗಲ್, ಭೀಮಸೇನರು. ‘ಹಂಗಾದ್ರ ಕಿರಾನಾ ಘರಾಣಾ ಅಂದ್ರ ಯಾರದು? ಧಾರವಾಡದ್ದ!’ ಮಲ್ಲಿಕಾರ್ಜುನ ಮನಸೂರರ ಮಟ್ಟಿಗೆ ಮಾತ್ರ ಗುರುಗಳ ಕಾಲಮ್ಮಿನ ಮೇಲೆ ಕೈ ಮುಚ್ಚಿರುತ್ತಾರೆ, ಏಕೆಂದರೆ ಅಲ್ಲಿ ಮಿರಜಿನ ನೀಲಕಂಠ ಬುವಾ, ಆಮೇಲೆ ಅಲ್ಲಾದಿಯಾ ಖಾನರ ಮಕ್ಕಳಾದ ಮಂಜಿ ಖಾನ್, ಬುರ್ಜಿ ಖಾನ್ ಕೂತಿದ್ದಾರೆ. ಮನಸೂರರಿಗೆ ಧಾರವಾಡದ ಮನೆಯ ವಿಳಾಸವೊಂದೇ ಸಾಕು.

ಇವರಿಗೆ ಒಬ್ಬ ಜೋಡಿದಾರ ಉಂಟು, ಅದೇ ಊರಿನವರೇ, ಮನೆಯಲ್ಲೂ ಪೇಟೆಯಲ್ಲೂ ಮರಾಠಿ. ಇಬ್ಬರೂ ಒಬ್ಬರನ್ನೊಬ್ಬರು ‘ಅಣ್ಣಾ’ ಎನ್ನುತ್ತಾರೆ, ಒಂದೇ ಬಾಕಿನ ಮೇಲೆ ಕೂತು ಒಂದೇ ಚಹಾ ಎರಡು ಮಾಡಿಕೊಂಡು ಕುಡಿಯುತ್ತಾರೆ, ಒಂದೇ ಗವಾಯಿಯನ್ನು ಮಾತ್ರ ಎರಡು ಮಾಡಲು ಒಪ್ಪುವುದಿಲ್ಲ. ಜೋಡಿದಾರರ ಕಾನೂನು ನಮ್ಮವರದನ್ನು ಉಲ್ಟಾ ಹಿಡಿದದ್ದು: ಭೀಮಸೇನರಿಗೆ ವಾಸಸ್ಥಳ, ಅಭಂಗ ಹಾಡಿದ ಬಾಯಿ. ಆದರೆ ಪುರಂದರದಾಸರ ಹೆಸರು ಬಂತೋ, ಇಬ್ಬರೂ ಎದ್ದು ಬಾಕಿನ ಮೇಲೆ ಜಾಗ ಅದಲುಬದಲು ಮಾಡುತ್ತಾರೆ. ದಾಸರು ಹುಟ್ಟಿದ್ದು ಪುಣೆ ಹತ್ತಿರದ ಪುರಂದರಗಡದಲ್ಲೋ ತೀರ್ಥಹಳ್ಳಿಯ ಕಡೆಯಲ್ಲೋ ಎಂಬ ವಾದ ವಿದ್ವಾಂಸರಲ್ಲಿ ಇಂದಿಗೂ ಇದೆ. ಜೋಡಿದಾರರಿಗೆ ಈಗ ಹುಟ್ಟೂರಿಗಿಂತ ದೊಡ್ಡ ಪುರಾವೆ ಇಲ್ಲ. ನಮ್ಮ ತಲಾಠಿಗೆ ಹುಟ್ಟೂರು ಯಃಕಶ್ಚಿತ್, ಹಾಡಿದ ಭಾಷೆಯೇ ಎಲ್ಲ. ಅಣ್ಣಾಸಾಹೇಬ ಕಿರ್ಲೋಸ್ಕರರ ಸರದಿ ಬಂದಾಗ ಮತ್ತೆ ಜಾಗ ಬದಲು. ಅವರು ಹುಟ್ಟಿದ್ದು ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ, 1880ರಲ್ಲಿ ‘ಸಂಗೀತ ಶಾಕುಂತಲ’ ಬರೆದದ್ದು ಮರಾಠಿಯಲ್ಲಿ. ಎರಡು ತಾಸು ಜಗಳವಾದ ಮೇಲೂ ಇಬ್ಬರಲ್ಲಿ ಒಬ್ಬರೂ ಸೋತಿರುವುದಿಲ್ಲ. ಸೋಲುವುದಾದರೂ ಹೇಗೆ? ಸರ್ಕಾರಗಳೇ ಒಂದು ತುಂಡಿಗೆ ಎರಡು ಖಾತೆ ಮಾಡಿಕೊಟ್ಟಿವೆ: ಭೀಮಸೇನರಿಗೆ 2002ರಲ್ಲಿ ಮಹಾರಾಷ್ಟ್ರ ಭೂಷಣ, 2005ರಲ್ಲಿ ಕರ್ನಾಟಕ ರತ್ನ. 2008ರಲ್ಲಿ ಭಾರತ ರತ್ನ ಘೋಷಣೆಯಾದಾಗ ದಿಲ್ಲಿಯೂ ಹಕ್ಕುದಾರರ ಸಾಲಿಗೆ ಸೇರಿತು.

ಮೂಲ ತಿಳಿಯುವುದು ತಪ್ಪೇ ಎಂದು ಯಾರಾದರೂ ಕೇಳಬಹುದು. ತಪ್ಪಲ್ಲ, ಬೇಕೇ ಬೇಕು. 1843ರಲ್ಲಿ ಸಾಂಗಲಿಯಲ್ಲಿ ವಿಷ್ಣುದಾಸ ಭಾವೆ ‘ಸೀತಾಸ್ವಯಂವರ’ ಆಡಿಸಿದ್ದಕ್ಕೆ ಕರ್ನಾಟಕದಿಂದ ಬಂದ ಭಾಗವತರ ಆಟವೇ ಪ್ರೇರಣೆ ಎಂದು ಗೊತ್ತಿದ್ದವರಿಗೆ ಮರಾಠಿ ರಂಗಭೂಮಿಯ ಬೇರು ಎಲ್ಲೆಲ್ಲಿ ಹರಿದಿದೆ ಎಂಬುದು ಕಾಣುತ್ತದೆ. ಕಿರ್ಲೋಸ್ಕರರು ತಮ್ಮ ನಾಟಕಗಳಿಗೆ ಕನ್ನಡದ ಧಾಟಿಗಳನ್ನು ಎತ್ತಿಕೊಂಡರು ಎಂದು ತಿಳಿದರೆ ನಾಟ್ಯಗೀತೆಯ ತಿರುವಿನಲ್ಲಿ ಕಿವಿ ನೆಟ್ಟಗಾಗುತ್ತದೆ. ಅಬ್ದುಲ್ ಕರೀಂ ಖಾನರು ಮೈಸೂರು ಆಸ್ಥಾನಕ್ಕೆ ಹೋಗಿ ಬಂದದ್ದು, ತ್ಯಾಗರಾಜರ ಕೃತಿಯನ್ನು ರಿಕಾರ್ಡಿಗೆ ಹಾಡಿದ್ದು ಗೊತ್ತಿದ್ದರೆ ಅವರ ಸರಗಮ್ ಇನ್ನೊಂದು ರೀತಿ ಕೇಳಿಸುತ್ತದೆ. ಇವೆಲ್ಲ ಕೇಳಿಕೆಗೆ ಒದಗುವ ತಿಳಿವಳಿಕೆ. ನಮ್ಮ ತಲಾಠಿಗೆ ಈ ಸಂಗತಿಗಳೆಲ್ಲ ಬಾಯಿಪಾಠ, ಅವರ ನೆನಪಿಗೆ ಕೈಮುಗಿಯಬೇಕು. ಆದರೆ ಸರಗಮ್ ನಡೆಯುವಾಗ ಅವರು ಕೇಳುತ್ತಿರುವುದಿಲ್ಲ, ಹೇಳುತ್ತಿರುತ್ತಾರೆ. ಸ್ವರ ಎಲ್ಲಿಂದ ಬಂತು ಎಂಬುದು ಗೊತ್ತಾದ ಕೂಡಲೇ ಅದು ಎಲ್ಲಿಗೆ ಹೊರಟಿದೆ ಎಂಬ ಕುತೂಹಲ ಅವರಲ್ಲಿ ಸತ್ತಿರುತ್ತದೆ. ಇಂಥ ದಾಖಲೆಗೆ ಸಂಗೀತ ಸುಲಭಕ್ಕೆ ಸಿಕ್ಕುವುದೂ ಇಲ್ಲ. ಹನ್ನೊಂದನೆಯ ವಯಸ್ಸಿನ ಸುಮಾರಿಗೆ ಮನೆ ಬಿಟ್ಟ ಭೀಮಸೇನ ಗುರುವನ್ನು ಹುಡುಕುತ್ತ ಗ್ವಾಲಿಯರ್, ಜಲಂಧರ ಸುತ್ತಿ ಕೊನೆಗೆ ವಾಪಸು ಬಂದು ಗುರುವಾಗಿ ಹಿಡಿದದ್ದು ಪಕ್ಕದ ಕುಂದಗೋಳದ ಸವಾಯಿ ಗಂಧರ್ವರನ್ನು. ಅದೇ ಗುರುವಿನ ಹೆಸರಿನ ಮಹೋತ್ಸವವನ್ನು 1953ರಲ್ಲಿ ಆರಂಭಿಸಿದ್ದು ಪುಣೆಯಲ್ಲಿ. ಈ ವ್ಯವಹಾರವನ್ನು ಯಾವ ಗಟ್ ನಂಬರಿಗೆ ಹಾಕುವುದು?

ಮಂಗಳವೇಢೆಯಲ್ಲಿ ಕೂತು ಈ ಕೆಲಸ ಮಾಡುವುದಂತೂ ಇನ್ನೂ ಕಷ್ಟ. ಕಳಚೂರಿ ಬಿಜ್ಜಳನ ಊರು ಇದು, ಬಸವಣ್ಣನವರು ಕರಣಿಕರಾಗಿ ಲೆಕ್ಕ ಬರೆದ ಊರು ಎಂಬ ಪರಂಪರೆ ಇದೆ. ಬರಗಾಲದಲ್ಲಿ ಬಾದಶಹನ ಕಣಜ ಬಿಚ್ಚಿ ಹಂಚಿದ ದಾಮಾಜಿಪಂತರೂ ಇಲ್ಲಿಯವರೇ, ಸಂತ ಕಾನ್ಹೋಪಾತ್ರೆಯೂ ಇಲ್ಲಿಯವಳೇ. 1931ರಲ್ಲಿ ಬಾಲಗಂಧರ್ವರು ರಂಗದ ಮೇಲೆ ಕಾನ್ಹೋಪಾತ್ರೆಯಾಗಿ ನಿಂತು ಹಾಡಿದ ಮೇಲೆ ಅವಳ ಹೆಸರು ನಾಟ್ಯಸಂಗೀತದ ಮನೆಮನೆಗೂ ಹೋಯಿತು. ಇನ್ನು ಸಂತ ಚೋಖಾಮೇಳ. ಈ ಊರಿನ ಗೋಡೆ ಕಟ್ಟುವಾಗ ಅದು ಕುಸಿದು ಸತ್ತ ಕೂಲಿಕಾರರಲ್ಲಿ ಅವನೂ ಒಬ್ಬ. ಕಲ್ಲಿನ ರಾಶಿಯಲ್ಲಿ ಯಾರ ಎಲುಬು ಯಾರದೋ ತಿಳಿಯದೆ ಇದ್ದಾಗ ನಾಮದೇವರು ಒಂದೊಂದನ್ನೂ ಕಿವಿಗೆ ಹಿಡಿದು, ವಿಠ್ಠಲ ವಿಠ್ಠಲ ಎಂದವನ್ನು ಆರಿಸಿ ಪಂಢರಪುರಕ್ಕೆ ಒಯ್ದರು ಎಂದು ಕಥೆ. ಬೇಕಾದರೆ ಗಮನಿಸಿ, ಆ ಎಲುಬು ತಾಲೂಕಿನ ಹೆಸರು ಹೇಳಲಿಲ್ಲ. ಹಾಗೆ ಹೇಳಿದ್ದರೂ ಜಗಳ ಬಗೆಹರಿಯುತ್ತಿರಲಿಲ್ಲ, ಏಕೆಂದರೆ ಅವನು ಕರೆದ ದೇವರನ್ನೇ ಜ್ಞಾನದೇವರು ಕಾನಡಿಗನೆಂದು ಹಾಡಿಬಿಟ್ಟಿದ್ದಾರೆ, ದಾಸರು ತಮ್ಮ ಪದಗಳ ಅಂಕಿತ ಮಾಡಿಕೊಂಡಿದ್ದಾರೆ.

ತಲಾಠಿಯ ಪರವಾಗಿ ನಿಜಕ್ಕೂ ಬಲವಾದ ವಾದ ಒಂದಿದೆ, ಅದನ್ನು ನಗೆಯಲ್ಲಿ ತೇಲಿಸುವುದು ಅನ್ಯಾಯ. ಗಡಿ ವಿವಾದ ಕುರಿತ 1967ರ ಮಹಾಜನ ವರದಿ ಅಕ್ಕಲಕೋಟ, ದಕ್ಷಿಣ ಸೋಲಾಪುರದ ಕನ್ನಡ ಹಳ್ಳಿಗಳು ಕರ್ನಾಟಕಕ್ಕೆ ಸೇರಲಿ ಎಂದಿತು, ಸೇರಲಿಲ್ಲ. ಸಿದ್ಧರಾಮ ವಚನ ಬರೆದ ಸೋಲಾಪುರದಲ್ಲಿ, 1974ರಲ್ಲಿ ಮಂಡ್ಯದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ವಹಿಸಿದ ಜಯದೇವಿತಾಯಿ ಲಿಗಾಡೆಯವರ ಊರಿನಲ್ಲಿ, ಕನ್ನಡ ಅಂಗಡಿ ಬೋರ್ಡಿನಲ್ಲೂ ಅಪರೂಪವಾದಾಗ ಒಬ್ಬ ಮನುಷ್ಯ ಭೀಮಸೇನರ ಹೆಸರನ್ನು ಗಟ್ಟಿಯಾಗಿ ಹಿಡಿದುಕೊಂಡರೆ ಅದು ಬರೀ ಒಣ ಜಂಬವಲ್ಲ. ನೆಲ ಹೋದವರು ಹೆಸರಿನ ಮೇಲಾದರೂ ಬೇಲಿ ಹಾಕುತ್ತಾರೆ. ಇಷ್ಟನ್ನು ಒಪ್ಪಿಕೊಂಡೇ ದಫ್ತರವನ್ನು ಇನ್ನೊಮ್ಮೆ ತಿರುವಿ ಹಾಕಿದರೆ, ಅದರಲ್ಲಿ ಇರುವವರೆಲ್ಲ ತಲಾಠಿಯ ನೆರವು ಬೇಡದವರು. ನೆರವು ಬೇಕಾದವರಿಗೆ ಅಲ್ಲಿ ಒಂದು ಗೀಟಿನ ಜಾಗವೂ ಇಲ್ಲ. ಜೋಳದ ಸೀಮೆ ಇದು, ಮಂಗಳವೇಢೆಯ ಜೋಳಕ್ಕೆ ಭೌಗೋಳಿಕ ಸೂಚಕದ ಮುದ್ರೆ ಬಿದ್ದಿದೆ. ಆದರೆ ಜೋಳದ ಕಣದಲ್ಲಿ ಎತ್ತು ತಿರುಗಿಸುತ್ತ ಹಾಡುತ್ತಿದ್ದ ಹಂತಿ ಪದ ರಾಶಿ ಮಷೀನು ಬಂದ ದಿನದಿಂದ ಬಾಯಿ ಮುಚ್ಚಿದೆ. ಏಕತಾರಿ ಹಿಡಿದು ಕಡಕೋಳ ಮಡಿವಾಳಪ್ಪನ ತತ್ವಪದ ಹಾಡುವ ಭಜನೆಯವರು, ಮೊಹರಮ್ಮಿನಲ್ಲಿ ಕನ್ನಡದಲ್ಲೇ ರಿವಾಯತ್ ಹೇಳುವವರು, ಬೀಸುಕಲ್ಲಿನ ಪದ ಇನ್ನೂ ನೆನಪಿರುವ ಮುದುಕಿಯರು: ಇವರ ಮೇಲೆ ಪುಣೆಯವರೂ ಹಕ್ಕು ಹೇಳುವುದಿಲ್ಲ, ಮುಂಬಯಿಯವರೂ ಹೇಳುವುದಿಲ್ಲ. ಪ್ರತಿವಾದಿ ಇಲ್ಲದ ಖಟ್ಲೆಯಲ್ಲಿ ನಮ್ಮ ತಲಾಠಿಗೆ ಆಸಕ್ತಿ ಹುಟ್ಟುವುದಿಲ್ಲ.

ಇನ್ನೂ ಚೋದ್ಯದ ಸಂಗತಿ ಬೈಠಕ್ಕಿನಲ್ಲಿ ಅವರ ಕಣ್ಣೆದುರಿಗೇ ಇರುತ್ತದೆ. ಗವಾಯಿಯ ಬೆನ್ನ ಹಿಂದೆ ನಿಂತ ತಂಬೂರಿ ಬಹುಮಟ್ಟಿಗೆ ಮಿರಜಿನದು. ಮಿರಜಿನ ಸಿತಾರ, ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಸೂಚಕ ಸಿಕ್ಕಿತು. ಮಿರಜಿನ ಕುಶಲಿಗಳು ಅದಕ್ಕೆ ಮರವನ್ನು ಕರ್ನಾಟಕದ ಕಾಡುಗಳಿಂದ ತರಿಸುತ್ತಾರೆ. ಕೆಳಗಿನ ದೊಡ್ಡ ಬುರುಡೆಯನ್ನು, ಈ ಕಡೆಯವರು ಭೋಪಳಾ ಎನ್ನುವುದನ್ನು, ತರಿಸುವುದು ಮಂಗಳವೇಢೆಯ ಸೀಮೆಯಿಂದ. ಅದನ್ನು ಬಳ್ಳಿಯಲ್ಲೇ ಬಲಿಯಲು ಬಿಟ್ಟು, ಒಣಗಿಸಿ, ಒಳಗಿನ ತಿರುಳು ಬೀಜ ತೆಗೆದು, ಟೊಳ್ಳು ಮಾಡಿದ ಮೇಲೆಯೇ ಷಡ್ಜಕ್ಕೆ ಆ ಗುಂಯ್‌ಗುಡುವ ತುಂಬುತನ ಬರುವುದು. ಹೀಗಾಗಿ ದೇಶದ ಎಷ್ಟೋ ಬೈಠಕ್ಕುಗಳಲ್ಲಿ, ಗವಾಯಿ ಯಾರೇ ಇರಲಿ, ಅವರಿಗಿಂತ ಮೊದಲು ಸ್ವರ ಹಚ್ಚುವುದು ಈ ತಾಲೂಕಿನ ಹೊಲವೊಂದರ ಬೆಳೆ. ಇಡೀ ಸಂಗೀತ ವ್ಯವಹಾರದಲ್ಲಿ ನಿಜವಾದ ಸಾತ್‌ಬಾರಾ, ಗಟ್ ನಂಬರು, ಬೆಳೆಯ ಕಾಲಂ, ಖಾತೇದಾರನ ಹೆಸರು ಎಲ್ಲ ಇರುವುದು ಅದೊಂದಕ್ಕೇ. ಇದನ್ನು ತಲಾಠಿಗೆ ತಿಳಿಸಿದರೆ ಅವರು ಒಂದು ಕ್ಷಣ ತಂಬೂರಿಯ ಕಡೆ ನೋಡುತ್ತಾರೆ, ಆಮೇಲೆ ಹಾಡುವವರ ಕಡೆ ತಿರುಗಿ ಕೇಳುತ್ತಾರೆ: ‘ಅದಿರಲಿ ಮಾಲಕ, ಭೋಪಳಾಕ್ಕ ಪದ್ಮಶ್ರೀ ಕೊಡ್ತಾರ ಏನ್ರಿ?’