521ರಲ್ಲಿ ಖರಾಬು ಎಷ್ಟು?

ಸಂಡೂರು ಗುಡ್ಡದ ಮಣ್ಣು ಲಾರಿ ಹತ್ತಿ ಬಂದರಿಗೂ, ಹಡಗು ಹತ್ತಿ ಚೀನಾಕ್ಕೂ ಹೋಗುತ್ತಿದ್ದ ಕಾಲವನ್ನು ಕೂಡ್ಲಿಗಿ ಕಡೆಯವರು ಮರೆಯುವುದುಂಟೇ? 2008ರ ಒಲಿಂಪಿಕ್ಸಿಗೆ ಬೀಜಿಂಗಿನವರು ಕ್ರೀಡಾಂಗಣ ಕಟ್ಟಿದರು, ನಾವು ಕೆಂಪು ಧೂಳು ಕುಡಿದೆವು. ಆಗ 13 ಅಂತಿದ್ದು ಈಗ 50 ಅಂತ ನಂಬರು ಬದಲಿಸಿಕೊಂಡಿರುವ ಹೆದ್ದಾರಿ ಮೇಲೆ ಅದಿರು ಲಾರಿಗಳ ನಡುವೆ ಜೀವ ಕೈಲಿ ಹಿಡಿದು ಓಡಾಡಿದೆವು. 2011ರ ಜುಲೈಯಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಗೆ ತಡೆ ಕೊಟ್ಟ ಮೇಲೆ ಆ ಸದ್ದು ಅಡಗಿತು. ಈಗ ಅದೇ ರಸ್ತೆಯಲ್ಲಿ ಚೀನಾದ ಎಲೆಕ್ಟ್ರಿಕ್ ಕಾರು ಸದ್ದೇ ಇಲ್ಲದೆ ಬರುತ್ತಿದೆ. ನಮ್ಮ ಮಣ್ಣೇ ಈ ಕಾರಾಯಿತು ಅಂತ ಆಣೆ ಇಡಲಾರೆ. ಆದರೆ ಚೀನಾದ ಬಿವೈಡಿ ಕಂಪನಿಯ ಬ್ಯಾಟರಿ ಒಳಗೂ ಇರುವುದು ಲಿಥಿಯಂ ಜೊತೆ ಕಬ್ಬಿಣದ ಫಾಸ್ಫೇಟೇ. ಟನ್ನಿಗಿಷ್ಟು ಅಂತ ಮಾರಿದವರು ನಾವು, ಇಪ್ಪತ್ತು ಇಪ್ಪತ್ತೈದು ಲಕ್ಷ ಅಂತ ಕೊಳ್ಳುವವರೂ ನಾವೇ.

ಎಂಜಿಯದಂತೂ ಇನ್ನೂ ಮಜಾ. ಹುಟ್ಟಿದ್ದು ಇಂಗ್ಲೆಂಡಿನಲ್ಲಿ, ದತ್ತು ಹೋಗಿದ್ದು ಚೀನಾದ ಸೈಕ್ ಕಂಪನಿಗೆ, ಇಲ್ಲಿಯ ವ್ಯವಹಾರದಲ್ಲಿ ಪಾಲುದಾರರು ನಮ್ಮ ತೋರಣಗಲ್ಲಿನ ಜಿಂದಾಲ್‌ನವರು. ಅಷ್ಟಾಗಿ ಕಾರಿನ ಹೆಸರು ವಿಂಡ್ಸರ್. ಇದರ ಕುಲಗೋತ್ರ ಕೇಳಿದರೆ ಮಠದ ಅಯ್ಯನೋರಿಗೂ ತಲೆ ಕೆಡುತ್ತದೆ.

ನಮ್ಮ ಷಡ್ಡಕ ಅಂಥದ್ದೊಂದು ಕೊಂಡಿದ್ದಾನೆ. ಯಾವ ಕಂಪನಿ ಅಂತ ಕೇಳಬೇಡಿ, ಸಂಬಂಧ ಉಳಿಯಬೇಕು. ಮಾವನ ಮನೆ ಕೊಟ್ಟೂರು. ಕಾರು ಬಂದು ನಿಂತಿದ್ದೇ ತಡ, ಕಟ್ಟೆ ಮೇಲಿನ ಹಿರಿಯರೊಬ್ಬರು ಎದ್ದು ಬಂದು ಒಂದು ಸುತ್ತು ಹಾಕಿ, ಬಾನೆಟ್ಟಿನ ಮೇಲೆ ಎಮ್ಮೆ ಬೆನ್ನು ಸವರಿದ ಹಾಗೆ ಕೈಯಾಡಿಸಿ ಕೇಳಿದರು.

"ಎಷ್ಟ್ ಕೊಡ್ತೈತೆ?"

"ಐನೂರರ ಮ್ಯಾಲೆ, ಅಜ್ಜಾ."

"ಲೀಟರಿಗಾ?"

ಷಡ್ಡಕ ನಕ್ಕ. ಅಜ್ಜ ನಗಲಿಲ್ಲ. ನನ್ನ ಪ್ರಕಾರ ಅಜ್ಜನ ಅನುಮಾನವೇ ಸರಿ. ಐನೂರು ಅಂದರೆ ಯಾವ ಲೆಕ್ಕದ ಐನೂರು?

ನಮ್ಮ ಕಡೆ ಹೆಣ್ಣು ಕೇಳಲು ಬಂದವರು "ಇಪ್ಪತ್ತೆಕರೆ ಹೊಲ ಐತೆ" ಅಂದರೆ ಹೆಣ್ಣಿನ ಸೋದರಮಾವ ತಲೆಯಾಡಿಸಿ ಸುಮ್ಮನಾಗುವುದಿಲ್ಲ, ಪಹಣಿ ಕೇಳುತ್ತಾನೆ. ಖರಾಬು ಎಷ್ಟು, ಹಳ್ಳ ತಿಂದಿದ್ದೆಷ್ಟು, ಅಣ್ಣತಮ್ಮಂದಿರ ಪಾಲು ತೆಗೆದರೆ ಹುಡುಗನ ಹೆಸರಿಗೆ ನಿಲ್ಲುವುದೆಷ್ಟು? ಕಾರಿನ ಪಹಣಿಯನ್ನೂ ಹಾಗೇ ಬಿಡಿಸಿ ಓದಬೇಕು. ಬಿವೈಡಿ ಆಟೊ 3 ಅನ್ನೇ ತೆಗೆದುಕೊಳ್ಳಿ. 2022ರ ಕೊನೆಗೆ ನಮ್ಮ ದೇಶಕ್ಕೆ ಬಂತು, ಬ್ಯಾಟರಿ 60 ಯೂನಿಟ್ಟಿನದು. ಒಂದು ಸಲ ತುಂಬಿಸಿದರೆ 521 ಕಿಲೋಮೀಟರು ಅಂತ ಭಾರತದ ಪರೀಕ್ಷೆ ಬರೆದುಕೊಟ್ಟಿದೆ. ಅದೇ ಬ್ಯಾಟರಿಯ ಅದೇ ಕಾರಿಗೆ ಯುರೋಪಿನ ಪರೀಕ್ಷೆ ಕೊಟ್ಟಿದ್ದು 420. ಹಡಗಿನಲ್ಲಿ ಬರುವಾಗ ಕಾರೇನು ಬದಲಾಗಲಿಲ್ಲ, ಪರೀಕ್ಷೆ ಮಾಡುವ ಮೇಷ್ಟ್ರು ಬದಲಾದರು. ನಮ್ಮ ಮೇಷ್ಟ್ರು ಧಾರಾಳಿ. ಕಾರನ್ನು ಒಳಾಂಗಣದಲ್ಲಿ ಉರುಳೆಗಳ ಮೇಲೆ ನಿಲ್ಲಿಸಿ ಓಡಿಸುತ್ತಾರೆ, ವೇಗ 90 ದಾಟಿಸುವುದಿಲ್ಲ, ಬಹಳ ಹೊತ್ತು ಪೇಟೆಯ ನಿಧಾನದಲ್ಲೇ ಇರುತ್ತದೆ. ಎ.ಸಿ. ಬಂದ್. ಎದುರುಗಾಳಿ ಇಲ್ಲ, ಡಿಕ್ಕಿಯಲ್ಲಿ ಜೋಳದ ಚೀಲವಿಲ್ಲ, ಹಿಂದಿನ ಸೀಟಿನಲ್ಲಿ ಅತ್ತೆಯೂ ಇಲ್ಲ.

ನೂರು ಕಿಲೋಮೀಟರು ಹೀಗೆ ಯುರೋಪಿನಲ್ಲೇ ಹೋಯಿತು. ಇನ್ನು ತುಮಕೂರು ದಾಟಿದ ಮೇಲೆ ಹೆದ್ದಾರಿಯಲ್ಲಿ ನೂರರ ವೇಗ ಹಿಡಿಯದವರು ಯಾರು? ಗಾಳಿಯ ತಡೆ ವೇಗದ ವರ್ಗದಷ್ಟು ಏರುತ್ತದೆ. 80ರಿಂದ 100ಕ್ಕೆ ಹೋದರೆ ವೇಗ ಕಾಲು ಪಾಲು ಹೆಚ್ಚುತ್ತದೆ, ತಡೆ ಮಾತ್ರ ಅರ್ಧಕ್ಕಿಂತ ಹೆಚ್ಚು. ನೂರರ ವೇಗದಲ್ಲಿ ಎ.ಸಿ. ಹಾಕಿಕೊಂಡು ಹೊರಟರೆ ಇಂಥ ಕಾರು ನೂರು ಕಿಲೋಮೀಟರಿಗೆ ಹದಿನೇಳು ಹದಿನೆಂಟು ಯೂನಿಟ್ ನುಂಗುತ್ತದೆ. 60 ಯೂನಿಟ್ಟಿಗೆ 340 ಆಸುಪಾಸು ಬಂತು. ಅದರಲ್ಲೂ ಕಡೆಯ ಹತ್ತು ಪರ್ಸೆಂಟನ್ನು ಸಂಸಾರಸ್ಥರು ಮುಟ್ಟುವುದಿಲ್ಲ. ದಾರಿಯಲ್ಲಿ ವೇಗದ ಚಾರ್ಜರಿಗೆ ಹಾಕಿದರೆ ಎಂಬತ್ತು ಪರ್ಸೆಂಟ್ ದಾಟಿದ ಮೇಲೆ ಕರೆಂಟು ಹನಿಹನಿಯಾಗಿ ಇಳಿಯುತ್ತದೆ, ಹಿಂದೆ ನಿಂತವನು ಹಾರ್ನ್ ಹೊಡೆಯುತ್ತಾನೆ. ಅಲ್ಲಿಗೆ ಹತ್ತರಿಂದ ಎಂಬತ್ತು, ನೂರಕ್ಕೆ ಎಪ್ಪತ್ತು ಪಾಲು. 340ರಲ್ಲಿ ಎಪ್ಪತ್ತು ಪಾಲು ಅಂದರೆ 240. ಇಪ್ಪತ್ತೆಕರೆ ಅಂದವನ ಹೆಸರಿಗೆ ನಿಂತದ್ದು ಒಂಬತ್ತು ಎಕರೆ ಚಿಲ್ಲರೆ.

ಇದನ್ನು ಚೀನಾದವರ ಮೋಸ ಅಂತ ಕಟ್ಟೆ ಮೇಲೆ ಕೂತು ಬಯ್ಯುವವರಿದ್ದಾರೆ. ಹಾಗೇನಿಲ್ಲ. ನಮ್ಮ ದೇಶದ ಕಂಪನಿಗಳೂ ಬರೆದಿದ್ದು ಇದೇ ಧಾರಾಳಿ ಮೇಷ್ಟ್ರ ಪರೀಕ್ಷೆ. ಚೀನಾದಲ್ಲಿ ಅವರದೇ ಇನ್ನೊಂದು ಪರೀಕ್ಷೆ ಇದೆ, ಅಲ್ಲಿಯ ಮೇಷ್ಟ್ರೂ ಬಿಗಿ ಮನುಷ್ಯ ಅಲ್ಲ. ಪೆಟ್ರೋಲ್ ಗಾಡಿಗಳು ಹೇಳಿದ್ದನ್ನು ಯಾವತ್ತು ಕೊಟ್ಟಿವೆ? ಅವಕ್ಕೆ ಊರೂರಿಗೂ ಬಂಕಿತ್ತು, ಹಾಗಾಗಿ ಯಾರೂ ಪಹಣಿ ತೆಗೆಸಲಿಲ್ಲ, ಅಷ್ಟೇ.

ಬೆಂಗಳೂರಿನಿಂದ ನಮ್ಮ ಕಡೆ ಬರುವಾಗ ಇಳಿಜಾರು, ಅದಕ್ಕೇ ಹೆಚ್ಚು ಕೊಡುತ್ತದೆ ಅಂತ ಷಡ್ಡಕನ ಇನ್ನೊಂದು ಸಿದ್ಧಾಂತ. ಇಳಿಜಾರೇನೋ ಹೌದು, ಮುನ್ನೂರು ಮೀಟರು ಇಳಿಯುತ್ತೇವೆ. ಅದರಿಂದ ಉಳಿಯುವುದು ಒಂದೂವರೆ ಯೂನಿಟ್, ಅಂದರೆ ಎಂಟೊಂಬತ್ತು ಕಿಲೋಮೀಟರು. ಮುಂಗಾರಿನ ಗಾಳಿ ಎದುರು ಬಿತ್ತೋ, ಅದೂ ಹೋಯಿತು.

ಈಗ ತಮಾಷೆ ಕೇಳಿ. ಹೆದ್ದಾರಿ ಬಿಟ್ಟು ಕೂಡ್ಲಿಗಿಯಲ್ಲಿ ಕೊಟ್ಟೂರಿನ ಕಡೆ ತಿರುಗಿದಿರಿ ಅನ್ನಿ, ಅಲ್ಲಿಂದ ಕಾರಿಗೆ ಎಲ್ಲಿಲ್ಲದ ಸದ್ಗುಣ ಬರುತ್ತದೆ. ಊರಿಗೆರಡು ಹಂಪು, ಕೆಲವೂರಿಗೆ ನಾಲ್ಕು. ಸುಗ್ಗಿಯಲ್ಲಿ ಅರ್ಧ ರಸ್ತೆಗೆ ಮೆಕ್ಕೆಜೋಳ ಹರವಿರುತ್ತಾರೆ, ಇನ್ನರ್ಧದಲ್ಲಿ ಕುರಿಹಿಂಡು. ಐವತ್ತರ ಮೇಲೆ ಮುಳ್ಳು ಏಳುವುದೇ ಇಲ್ಲ. ಎಲೆಕ್ಟ್ರಿಕ್ ಕಾರಿಗೆ ಬೇಕಾದ್ದೂ ಅದೇ. ನಿಧಾನ ಹೋದರೆ ಗಾಳಿಯ ತಡೆ ಕಡಿಮೆ, ಹಂಪಿಗೆ ವೇಗ ಇಳಿಸುವಾಗ ಮೋಟಾರೇ ಡೈನಮೋ ಆಗಿ ಒಂದಿಷ್ಟು ಕರೆಂಟನ್ನು ಬ್ಯಾಟರಿಗೆ ವಾಪಸು ಹಾಕುತ್ತದೆ. ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸುತ್ತಾಡಿ ಬಂದ ಷಡ್ಡಕ "ಇಲ್ಲಿ ಬೆಂಗಳೂರು ರೋಡಿಗಿಂತ ಎಷ್ಟೋ ಮೇಲು" ಅಂತ ಬಾಯಿ ತುಂಬ ಹೊಗಳಿದ. ನಾವು ಇಷ್ಟು ವರ್ಷ ರಸ್ತೆ ಸರಿಯಿಲ್ಲ ಅಂತ ಅರ್ಜಿ ಕೊಡುತ್ತಿದ್ದೆವು! ಧಾರಾಳಿ ಮೇಷ್ಟ್ರ ಪರೀಕ್ಷೆಗೆ ಹತ್ತಿರದ ಉತ್ತರ ಬರುವ ಜಾಗ ಭಾರತದಲ್ಲಿ ಇದ್ದರೆ ಅದು ನಮ್ಮ ಐದು ತಾಲ್ಲೂಕೇ. ಒಂದೇ ಎಚ್ಚರಿಕೆ, ಬಿವೈಡಿ ಸೀಲ್‌ನಂಥ ತಗ್ಗು ಕಾರು ತರಬೇಡಿ. ನೆಲದಿಂದ ಅದರ ಹೊಟ್ಟೆಗೆ 145 ಮಿಲಿಮೀಟರು, ನಮ್ಮ ಹಂಪು ಹಾಕುವವರಿಗೆ ಮಿಲಿಮೀಟರು ಗೊತ್ತಿಲ್ಲ.

ಹಾಗಾದರೆ ಕೊರತೆ ಏನು? ಪ್ಲಗ್ಗು. 2024ರ ಕೊನೆಗೆ ರಾಜ್ಯದಲ್ಲಿ ಸಾರ್ವಜನಿಕ ಚಾರ್ಜಿಂಗ್ ಕೇಂದ್ರಗಳು 5,700 ದಾಟಿದ್ದವು, ದೇಶಕ್ಕೇ ಮೊದಲು. ಅದರಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಬೆಂಗಳೂರಿನಲ್ಲೇ. ಎಲ್ಲಿ ಟ್ರಾಫಿಕ್ಕಿನಲ್ಲಿ ಕಾರು ಮುಂದೆ ಹೋಗುವುದೇ ಇಲ್ಲವೋ ಅಲ್ಲೇ ಚಾರ್ಜರು ಜಾಸ್ತಿ. ಹಿರಿಯೂರು, ಚಿತ್ರದುರ್ಗದವರೆಗೆ ಚಿಂತೆಯಿಲ್ಲ. ಮುಂದೆ ಒಳದಾರಿಗೆ ಇಳಿದ ಮೇಲೆ ಮಾವನ ಮನೆಯೇ ಬಂಕು.

ಮಾವನ ಮನೆಯಲ್ಲಿ ಏನಾಯಿತು ಅಂದರೆ, ಷಡ್ಡಕ ಡಿಕ್ಕಿಯಿಂದ ದಪ್ಪ ವೈರು ತೆಗೆದು ಪಡಸಾಲೆಯ 15 ಆಂಪಿಯರ್ ಸಾಕೆಟ್ಟಿಗೆ ಚುಚ್ಚಿದ. ಚಾರ್ಜರಿನ ಡಬ್ಬಿ ಕೆಂಪು ದೀಪ ಮಿಟುಕಿಸಿ ಕೂತಿತು. ಮನೆಗೆ ಅರ್ಥಿಂಗ್ ಸರಿ ಇಲ್ಲದಿದ್ದರೆ ಅದು ಒಂದು ಹನಿ ಕರೆಂಟನ್ನೂ ಕಾರಿಗೆ ಬಿಡುವುದಿಲ್ಲ. ಮಿಕ್ಸರು, ಫ್ರಿಜ್ಜು, ಟಿವಿ ಯಾವತ್ತೂ ತಕರಾರು ತೆಗೆಯದ ಮನೆಯಲ್ಲಿ ಈ ಡಬ್ಬಿ ತೆಗೆಯಿತು. "ಎಲ್ಲೈತೆ ಅರ್ಥಿಂಗು?" ಅಂತ ಹುಡುಕಾಟ. ಕಡೆಗೆ ಹಿತ್ತಲಿನ ತೆಂಗಿನ ಬುಡದಲ್ಲಿ, ಮಾವನೇ ಮರೆತಿದ್ದ ಒಂದು ಜಿ.ಐ. ಪೈಪು ಸಿಕ್ಕಿತು. ಸುತ್ತ ಮಣ್ಣು ಒಣಗಿ ಬಿರುಕು ಬಿಟ್ಟಿತ್ತು. ಅತ್ತೆ ಒಂದು ಪಾಕೀಟು ಕಲ್ಲುಪ್ಪು ಸುರಿದರು, ನಾನು ಎರಡು ಬಿಂದಿಗೆ ನೀರು ಹೊಯ್ದೆ. ಹತ್ತು ನಿಮಿಷಕ್ಕೆ ಡಬ್ಬಿ ಹಸಿರಾಯಿತು. ಇಪ್ಪತ್ತೈದು ಲಕ್ಷದ ಕಾರಿಗೆ ಉಪ್ಪುನೀರಿನ ನೈವೇದ್ಯ ಆದದ್ದನ್ನು ಓಣಿಯ ಮಕ್ಕಳೆಲ್ಲ ನಿಂತು ನೋಡಿದರು.

ಆ ಸಾಕೆಟ್ಟಿನಿಂದ ಗಂಟೆಗೆ ಹೆಚ್ಚೆಂದರೆ ಮೂರು ಯೂನಿಟ್. ಖಾಲಿ ಬ್ಯಾಟರಿ ತುಂಬಲು ಇಪ್ಪತ್ತು ಗಂಟೆಯ ಮೇಲೆ ಬೇಕು, ಅದೂ ವೋಲ್ಟೇಜು ಕೃಪೆ ಮಾಡಿದರೆ. ಗೋಡೆಗೆ 7 ಕಿಲೋವ್ಯಾಟಿನ ಪೆಟ್ಟಿಗೆ ಕೂರಿಸಿದರೆ ಒಂದು ರಾತ್ರಿಗೆ ಆಗುತ್ತದೆ. ಆದರೆ ಅದು ಐದು ಎಚ್‌ಪಿಯ ಎರಡು ಪಂಪ್‌ಸೆಟ್ಟನ್ನು ಮನೆಯೊಳಗೆ ಓಡಿಸಿದ ಲೆಕ್ಕ, ಮಂಜೂರಾದ ಲೋಡು ಹೆಚ್ಚಿಸಿಕೊಳ್ಳಬೇಕು. ಅತ್ತ ಚೀನಾದಲ್ಲಿ 2025ರ ಮಾರ್ಚಿನಲ್ಲಿ ಬಿವೈಡಿಯವರು ಸಾವಿರ ಕಿಲೋವ್ಯಾಟಿನ ಚಾರ್ಜರು ತೋರಿಸಿ, ಐದು ನಿಮಿಷಕ್ಕೆ 400 ಕಿಲೋಮೀಟರು ತುಂಬಿಸುತ್ತೇವೆ ಅಂದರು. ಅದನ್ನು ನಮ್ಮೂರಿಗೆ ತಂದರೆ ನೂರು ಕೆವಿಎ ಟಿಸಿ ಹತ್ತು ಬೇಕು, ಒಂದು ಕಾರಿಗೆ! ಒಂದು ಟಿಸಿ ಸುಟ್ಟರೆ ಬದಲಾಯಿಸುವಷ್ಟರಲ್ಲಿ ಮೆಣಸಿನ ಗಿಡ ಬಾಡುವ ಊರಿನವರು ನಾವು. ಆ ಐದು ನಿಮಿಷ ಅವರಿಗೇ ಇರಲಿ. ಒಂದು ಪ್ಲೇಟು ಮಿರ್ಚಿ ಮಂಡಕ್ಕಿ ಮುಗಿಸಲಿಕ್ಕೇ ನಮಗೆ ಅರ್ಧ ಗಂಟೆ ಬೇಕು, ಅಷ್ಟರಲ್ಲಿ ಸಾಧಾರಣ ವೇಗದ ಚಾರ್ಜರೊಂದು ಅರ್ಧ ಹೊಟ್ಟೆ ತುಂಬಿಸುತ್ತದೆ. ಕೊಟ್ಟೂರಿನ ಬಸ್‌ಸ್ಟ್ಯಾಂಡ್ ಪಕ್ಕ ಅಂಥದ್ದು ಒಂದು ಇದ್ದರೆ ಮಂಡಕ್ಕಿಯವರಿಗೂ ವ್ಯಾಪಾರ, ಅಳಿಯಂದಿರಿಗೂ ಮರ್ಯಾದೆ.

ಮರ್ಯಾದೆಯ ಮಾತು ಯಾಕೆ ಬಂತೆಂದರೆ, ಮಾವನ ಮನೆಗೆ ಗೃಹಜ್ಯೋತಿ ಇದೆ. ತಿಂಗಳಿಗೆ ಅರವತ್ತು ಯೂನಿಟ್ಟಿನ ಹಕ್ಕು, ವರ್ಷಗಟ್ಟಲೆ ಬಿಲ್ಲು ಸೊನ್ನೆ. ಆ ಸೊನ್ನೆಯ ಬಿಲ್ಲುಗಳನ್ನು ಅವರು ಪಂಚಾಂಗದ ಜೊತೆ ಮೊಳೆಗೆ ಸಿಕ್ಕಿಸಿ ಇಟ್ಟಿದ್ದಾರೆ. ಷಡ್ಡಕ ಹಬ್ಬಕ್ಕೆ ಬಂದು ಹೋದ ತಿಂಗಳು ಮೀಟರು ಓದುವ ಹುಡುಗ ಚೀಟಿ ಹರಿದು ಕೊಟ್ಟ. ಇನ್ನೂರು ದಾಟಿದ್ದರೆ ಇಡೀ ಬಿಲ್ಲು ಕಟ್ಟಬೇಕಿತ್ತು, ಪುಣ್ಯ, ದಾಟಿರಲಿಲ್ಲ, ಹೆಚ್ಚಾದ ಯೂನಿಟ್ಟಿಗಷ್ಟೇ ದುಡ್ಡು. ಮಾವ ಕನ್ನಡಕ ಏರಿಸಿ ಚೀಟಿಯನ್ನು ಎರಡು ಸಲ ಓದಿ, ಮಡಿಸಿ ಜೇಬಿಗಿಟ್ಟು, ನನ್ನ ಕಡೆ ನೋಡಿದರು.

"ನಿಮ್ಮ ಷಡ್ಡಕರಿಗೆ ಹೇಳ್ರಿ. ಮುಂದಿನ ಸಲ ಊಟ ಬೇಕಾದ್ರ ಇಲ್ಲೇ ಮಾಡ್ಲಿ, ಕಾರಿಂದು ಮಾತ್ರ ಹಿರಿಯೂರಾಗ ಮುಗಿಸ್ಕೊಂಡು ಬರ್ಲಿ."