ಹಾವೇರಿ ವಿಶ್ವವಿದ್ಯಾಲಯ: ಬಳಸುವ ಮುನ್ನ ಓದಿ



ನಿಮ್ಮ ಜಿಲ್ಲೆಗೊಂದು ವಿಶ್ವವಿದ್ಯಾಲಯ ಬಂದಿರುವುದಕ್ಕೆ ಅಭಿನಂದನೆಗಳು. 2023ರಲ್ಲಿ ರಾಜ್ಯ ಸರ್ಕಾರ ಒಂದೇ ಏಟಿಗೆ ಏಳು ಜಿಲ್ಲೆಗಳಿಗೆ ಹಂಚಿದ ಯಂತ್ರಗಳಲ್ಲಿ ಇದೂ ಒಂದು. ಆಗ ಜೊತೆಗೆ ಕೈಪಿಡಿ ಕೊಡುವುದು ಮರೆತುಹೋಗಿತ್ತು. ತಡವಾದರೂ ಇಲ್ಲಿದೆ.

ಪೆಟ್ಟಿಗೆ ಬಿಚ್ಚುವಾಗ ಹೊಸ ಕಟ್ಟಡ ಹುಡುಕಬೇಡಿ. ಕೆರಿಮತ್ತಿಹಳ್ಳಿಯಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರ ಇತ್ತಲ್ಲ, ಅದೇ ಇದು; ಬೋರ್ಡು ಮಾತ್ರ ಹೊಸದು. ಬಿಡಿಭಾಗಗಳನ್ನು ಎಣಿಸಿಕೊಳ್ಳಿ: ಕುಲಪತಿ, ಆಡಳಿತಕ್ಕೊಬ್ಬರು ಮೌಲ್ಯಮಾಪನಕ್ಕೊಬ್ಬರು ಕುಲಸಚಿವರು, ಹಣಕಾಸು ಅಧಿಕಾರಿ, ಸಿಂಡಿಕೇಟ್, ವಿದ್ಯಾವಿಷಯಕ ಪರಿಷತ್ತು. ಕಾಯಂ ಅಧ್ಯಾಪಕರು ಕಾಣದಿದ್ದರೆ ಗಾಬರಿ ಬೇಡ. ಅವರ ಜಾಗದಲ್ಲಿ ಅತಿಥಿ ಉಪನ್ಯಾಸಕರನ್ನು ಕೂರಿಸಿ ಓಡಿಸುವುದು ನಮ್ಮಲ್ಲಿ ರೂಢಿ.

ಅಕ್ಕಪಕ್ಕದ ಯಂತ್ರಗಳೊಂದಿಗೆ ಗೊಂದಲ ಮಾಡಿಕೊಳ್ಳಬೇಡಿ. ಹನುಮನಮಟ್ಟಿಯ ಕೃಷಿ ಕಾಲೇಜು ಧಾರವಾಡದ ಕೃಷಿ ವಿವಿಗೆ ಸೇರಿದ್ದು, ದೇವಿಹೊಸೂರಿನ ಕೇಂದ್ರ ಬಾಗಲಕೋಟೆಯ ತೋಟಗಾರಿಕೆ ವಿವಿಗೆ. ಶಿಗ್ಗಾಂವಿ ತಾಲ್ಲೂಕಿನ ಗೊಟಗೋಡಿಯಲ್ಲಿ 2011ರಿಂದ ಜಾನಪದ ವಿವಿ ಇದೆ. ಹೀಗಾಗಿ ಮೆಣಸಿನ ಗಿಡಕ್ಕೆ ರೋಗ ಬಿದ್ದರೆ ದೇವಿಹೊಸೂರಿಗೆ ಹೋಗಿ, ಕಾಯಿ ಬಿಡಿಸುವಾಗಿನ ಹಾಡು ಮರೆತಿದ್ದರೆ ಗೊಟಗೋಡಿಗೆ. ಬೆಲೆ ಬಿದ್ದರೆ ಎಲ್ಲಿಗೆ ಹೋಗಬೇಕು ಎಂಬುದು ಯಾವ ಫಲಕದಲ್ಲೂ ಇಲ್ಲ.

ಇದು ಸಣ್ಣ ಕೊರತೆಯಲ್ಲ. 2024ರ ಮಾರ್ಚ್‌ನಲ್ಲಿ ಬ್ಯಾಡಗಿ ಮಾರುಕಟ್ಟೆಯಲ್ಲಿ ದರ ಕುಸಿದು, ಸಿಟ್ಟಿಗೆದ್ದ ರೈತರು ಎಪಿಎಂಸಿ ಕಚೇರಿಗೆ ನುಗ್ಗಿ ವಾಹನಗಳಿಗೆ ಬೆಂಕಿ ಹಚ್ಚಿದ್ದನ್ನು ನಾಡೆಲ್ಲ ಟಿವಿಯಲ್ಲಿ ನೋಡಿತು. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲೇ ಭೌಗೋಳಿಕ ಸೂಚ್ಯಂಕ ಸಿಕ್ಕಿದೆ. ಆದರೆ ಹೆಸರು ಬ್ಯಾಡಗಿಯದು, ಚೀಲ ಬಹುಪಾಲು ಬಳ್ಳಾರಿ, ರಾಯಚೂರು, ಆಂಧ್ರದ ಕಡೆಯವು. ಬ್ಯಾಡಗಿಯ ಹೊಲಗಳಲ್ಲಿ ಈಗ ಗೋವಿನಜೋಳ. ಕೋಲ್ಡ್ ಸ್ಟೋರೇಜಿನಲ್ಲಿ ಕಾಯಿ ಯಾರದು, ಟೆಂಡರ್ ಬರೆಯುವವರು ಎಷ್ಟು ಮಂದಿ, ಕಣ್ಣು ಉರಿಸಿಕೊಂಡು ತೊಟ್ಟು ಬಿಡಿಸುವ ಹೆಣ್ಣುಮಕ್ಕಳ ಕೂಲಿ ಎಷ್ಟು? ಅರ್ಥಶಾಸ್ತ್ರ, ವಾಣಿಜ್ಯ, ಸಮಾಜಶಾಸ್ತ್ರ ಮೂರಕ್ಕೂ ಇಲ್ಲಿ ಕೆಲಸವಿದೆ. ಆದ್ದರಿಂದ ಯಂತ್ರವನ್ನು ಸೋಮವಾರ ಅಥವಾ ಗುರುವಾರ, ಟೆಂಡರಿನ ದಿನ, ಮಾರುಕಟ್ಟೆಯ ಅಂಗಳಕ್ಕೆ ಒಯ್ದು ಚಾಲೂ ಮಾಡಿ ನೋಡಿ. ಸೀನಿದರೆ ಸುಸ್ಥಿತಿಯಲ್ಲಿದೆ ಎಂದರ್ಥ.

ಎಚ್ಚರಿಕೆ: 'ಸಾಮಾಜಿಕ ಜವಾಬ್ದಾರಿ' ಎಂಬ ಗುಂಡಿ ಒತ್ತಿದರೆ ಯಂತ್ರ ತಾನೇತಾನಾಗಿ ಏಳು ದಿನದ ಎನ್ನೆಸ್ಸೆಸ್ ಶಿಬಿರವೊಂದನ್ನು ಹೊರಹಾಕುತ್ತದೆ. ಮಕ್ಕಳು ಗುಡಿಯ ಅಂಗಳ ಗುಡಿಸುತ್ತಾರೆ, ಬೀದಿ ನಾಟಕ ಆಡುತ್ತಾರೆ, ಉಪ್ಪಿಟ್ಟು ತಿಂದು ಹೋಗುತ್ತಾರೆ. ಅವರ ತಪ್ಪೇನೂ ಇಲ್ಲ, ಖರೆ ಹೇಳಬೇಕೆಂದರೆ ಇಡೀ ಯಂತ್ರದಲ್ಲಿ ಮೈಬಗ್ಗಿಸುವ ಭಾಗ ಅದೊಂದೇ. ಆದರೆ ಶಿಬಿರದ ಫೋಟೊ ನ್ಯಾಕ್ ಮಾನ್ಯತೆಯ ವರದಿಯಲ್ಲಿ ಅಂಟಿಕೊಂಡ ಮೇಲೆ ಗುಂಡಿಯ ದೀಪ ಹಸಿರಾಗಿಬಿಡುತ್ತದೆ, ಮತ್ತೆ ಯಾರೂ ಒತ್ತುವುದಿಲ್ಲ.

ರಾಣೆಬೆನ್ನೂರು ಕಡೆಯ ಬಳಕೆದಾರರಿಗೆ ವಿಶೇಷ ಸೂಚನೆ. ನಿಮ್ಮದು ಹೈಬ್ರಿಡ್ ಬೀಜದ ಸೀಮೆ. ಮಧ್ಯಾಹ್ನದ ಮೇಲೆ ಚಿಮಟ ಹಿಡಿದು ಮೊಗ್ಗಿನ ಗಂಡು ಭಾಗ ಕಿತ್ತುಹಾಕಿ, ಮರುದಿನ ಬೆಳಿಗ್ಗೆ ಬೇರೆ ಗಿಡದ ಪರಾಗ ತಂದು ಮುಟ್ಟಿಸುವ 'ಕ್ರಾಸಿಂಗ್' ಕೆಲಸ. ಹೂವಿಗೆ ಹೂವು, ಸಾಲಿಗೆ ಸಾಲು. ಬೆರಳು ಸಣ್ಣದಿದ್ದಷ್ಟೂ ಬೇಡಿಕೆ, ಹಾಗಾಗಿ ಹುಡುಗಿಯರೇ ಹೆಚ್ಚು. ಹೂವು ಸೆಮಿಸ್ಟರ್ ನೋಡಿ ಅರಳುವುದಿಲ್ಲ. ಆ ದಿನಗಳಲ್ಲಿ 'ಹಾಜರಾತಿ ಕಡಿಮೆ' ಎಂಬ ಕೆಂಪು ದೀಪ ಹೊತ್ತಿಕೊಂಡರೆ ಯಂತ್ರ ವಿದ್ಯಾರ್ಥಿನಿಯತ್ತ ಬೆರಳು ತೋರಿಸುತ್ತದೆ. ನೀವು ವೇಳಾಪಟ್ಟಿಯನ್ನು ತಿರುಗಿಸಿ ನೋಡಿ. ತಿರುಗದಿದ್ದರೆ ವಿದ್ಯಾವಿಷಯಕ ಪರಿಷತ್ತಿಗೆ ತುಕ್ಕು ಹಿಡಿದಿದೆ.

ಯಂತ್ರ ಮಾತಾಡದಿದ್ದರೆ ಹತ್ತು ರೂಪಾಯಿ ಹಾಕಿ. ಮಾಹಿತಿ ಹಕ್ಕು ಅರ್ಜಿ 150 ಪದ ಮೀರಬಾರದು, ಒಂದೇ ವಿಷಯ ಇರಬೇಕು, 30 ದಿನ ಕಾಯಬೇಕು. ನಿಜವಾಗಿ ಕೇಳುವ ಮೊದಲೇ ಹೇಳಬೇಕೆಂದು 2005ರ ಕಾಯ್ದೆಯ 4(1)(ಬಿ) ಹೇಳುತ್ತದೆ: ಬಜೆಟ್ ಎಷ್ಟು, ತೀರ್ಮಾನ ಯಾರದು, ಸಂಬಳ ಯಾರಿಗೆಷ್ಟು, ಒಟ್ಟು 17 ಬಾಬತ್ತು. ಮರುಮೌಲ್ಯಮಾಪನದ ಶುಲ್ಕ ಎಷ್ಟು ಜಮೆಯಾಯಿತು, ಎಷ್ಟು ಮಂದಿಯ ಅಂಕ ಬದಲಾಯಿತು ಎಂದು ಕೇಳಿ ಆರಂಭಿಸಿ. ಯಂತ್ರ ಬೇಗ ಬಿಸಿಯಾಗುತ್ತದೆ.

ಇನ್ನು ವಾರಂಟಿ. 2025ರ ಫೆಬ್ರುವರಿಯಲ್ಲಿ ಸಂಪುಟ ಉಪಸಮಿತಿ ಬೀದರ್ ಒಂದನ್ನು ಬಿಟ್ಟು, ಹಾವೇರಿಯೂ ಆ ಏಳರಾಚೆಯ ಕೆಲವೂ ಸೇರಿ ಒಂಬತ್ತು ಹೊಸ ವಿವಿಗಳನ್ನು ಮುಚ್ಚಬೇಕೆಂದಿತು. ದುಡ್ಡಿಲ್ಲ, ಸಿಬ್ಬಂದಿ ಇಲ್ಲ ಎಂಬುದು ಕಾರಣ. ಕೊಡದೆ ಇದ್ದವರೇ ಇಲ್ಲ ಎಂದು ಬರೆದುಕೊಂಡ ವಿಚಿತ್ರ ತಪಾಸಣೆ ಅದು. ಕೊಡುವಾಗಲೂ ನಿಮ್ಮನ್ನು ಕೇಳಲಿಲ್ಲ, ಕಸಿಯುವ ಮಾತಾಡುವಾಗಲೂ ಇಲ್ಲ. ಈ ಮಾದರಿಯಲ್ಲಿ ಉತ್ತರ ಕೊಡುವ ತಂತಿ ಕುಲಪತಿಯ ಕೊಠಡಿಯಿಂದ ಬೆಂಗಳೂರಿಗೆ ಎಳೆದಿದೆ, ಪಕ್ಕದ ಮೋಟೆಬೆನ್ನೂರಿಗಲ್ಲ.

ಮುಂದೆಂದಾದರೂ ಯಂತ್ರ ಧಾರವಾಡಕ್ಕೆ ವಾಪಸಾದರೆ, ಅಂಕಪಟ್ಟಿಯಲ್ಲಿ ಅಪ್ಪನ ಹೆಸರಿನ ಕಾಗುಣಿತ ತಿದ್ದಿಸಲು ಮತ್ತೆ ಅಲ್ಲಿಗೇ ಬಸ್ ಹತ್ತಬೇಕು. ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆ ಇದೆ. ಗಂಡುಹುಡುಗರು ಟಿಕೆಟು ಎಸೆಯದೆ ಇಟ್ಟುಕೊಂಡು, ಬಿಲ್ಲಿನ ಸಮೇತ ಉಪಸಮಿತಿಗೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸತಕ್ಕದ್ದು.