ಸೂರ್ಯಪ್ಪಗ ಉಡಿ

ನಮ್ಮ ಮನೆಯ ಹುಡುಗಿಗೆ ಇಡೀ ಜಗತ್ತು ಒಂದೇ ಇಂಗ್ಲಿಷ್ ಮಾತಿನಲ್ಲಿ ಮುಗಿದುಹೋಗುತ್ತದೆ: ‘ವಿಯರ್ಡ್’. ಹಾಗಲಕಾಯಿ ವಿಯರ್ಡ್, ಗಣಿತದ ಮೇಷ್ಟ್ರು ವಿಯರ್ಡ್, ನಾನಂತೂ ಬಿಡಿ. ಐಹೊಳೆಯ ಫಲಕಗಳು ಅವಳಿಗೆ ಹಬ್ಬವೇ ಆದವು. ಹುಚ್ಚಿಮಲ್ಲಿ ಗುಡಿ, ಹುಚ್ಚಪ್ಪಯ್ಯನ ಮಠ, ಬಡಿಗೇರ ಗುಡಿ, ಲಾಡಖಾನ್ ಗುಡಿ!

ಯಾರೂ ಕೇಳದಿದ್ದರೂ ನಾನು ಶುರು ಮಾಡಿದೆ. ಪೂಜೆ ನಿಂತ ಗುಡಿಗಳಲ್ಲಿ ಜನ ಸಂಸಾರ ಹೂಡಿದರು, ಇದ್ದವರ ಹೆಸರೇ ಗುಡಿಗಾಯಿತು. ಲಾಡಖಾನನೂ ಹಾಗೆ ವಾಸವಿದ್ದವನೇ. ಆಳಿದ ಚಾಲುಕ್ಯರ ಹೆಸರು ಹಿಡಿದು ಇವನ್ನು ಯಾರೂ ಕರೆಯುವುದಿಲ್ಲ, ಒಲೆ ಹೂಡಿದವರ ಹೆಸರು ಉಳಿಯಿತು. ಈಗ ಆ ಜನರ ಊರನ್ನೇ ಬೇರೆಡೆಗೆ ಎಬ್ಬಿಸುವ ಮಾತು ವರ್ಷಗಳಿಂದ ನಡೆದಿದೆ. ಅದಕ್ಕೆ ಮಾತ್ರ ಯಾರೂ ವಿಯರ್ಡ್ ಎನ್ನುವುದಿಲ್ಲ. ಮೇಗುತಿ ಗುಡ್ಡದತ್ತ ಕೈಮಾಡಿ ಅಲ್ಲಿನ ಶಾಸನದ ಕವಿ ರವಿಕೀರ್ತಿಯನ್ನೂ ಎಳೆತಂದೆ. ಕ್ರಿ.ಶ. 634ರ ಶಾಸನದಲ್ಲಿ ತಾನು ಕಾಳಿದಾಸ, ಭಾರವಿಯರಷ್ಟು ಕೀರ್ತಿವಂತನೆಂದು ಅವನು ಬಡಾಯಿ ಕೊಚ್ಚಿದ್ದರಿಂದಲೇ ಆ ಇಬ್ಬರೂ ಅದಕ್ಕಿಂತ ಈಚಿನವರಲ್ಲವೆಂದು ಪಂಡಿತರಿಗೆ ಗಟ್ಟಿಯಾಯಿತು. ಹುಡುಗಿ ಆಕಳಿಸಿದಳು.

ಅಷ್ಟರಲ್ಲಿ ನಮ್ಮ ಅತ್ತಿ ದುರ್ಗದ ಗುಡಿ ಹೊಕ್ಕಾಗಿತ್ತು. ಕೈಚೀಲದಲ್ಲಿ ಗುಳೇದಗುಡ್ಡದ ಖಣ, ಅಕ್ಕಿ, ಉತ್ತತ್ತಿ, ಅರಿಶಿನಕೊಂಬು, ತೆಂಗಿನಕಾಯಿ. ದುರ್ಗವ್ವಗೆ ಉಡಿ ತುಂಬುವ ಹರಕೆ. ಗರ್ಭಗುಡಿಯಲ್ಲಿ ಇಣುಕಿದರೆ ಬರೀ ಕತ್ತಲು.

“ಊರ ಕಡೆ ಹೋಗಿರಬೇಕು,” ಎಂದು ಪ್ರದಕ್ಷಿಣೆ ಹಿಡಿದರು. ಆನೆಯ ಬೆನ್ನಿನಂತೆ ಹಿಂದೆ ದುಂಡಗಾದ ಗುಡಿ. ಮೂಲೆ ಸಿಗದ ಕಾರಣ ದೇವಿ ಮುಂದಿನ ತಿರುವಿನಲ್ಲೇ ಇದ್ದಾಳೆ ಅನ್ನಿಸುತ್ತದೆ. ಮೊದಲ ಗೂಡಿನಲ್ಲಿ ನಂದಿಯೊಡನೆ ಶಿವ. “ಗಂಡ ಅದಾನ, ಆಕಿನೂ ಬಂದಾಳು.” ನರಸಿಂಹ. “ಈತಗ ಸಿಟ್ಟು ಭಾಳ, ಕೇಳೂದು ಬ್ಯಾಡ.” ಗರುಡನ ಮೇಲೆ ವಿಷ್ಣು. “ಹೊಂಟು ನಿಂತಾನ.” ವರಾಹನಿಗೆ ಕೈಮುಗಿದು ಸುಮ್ಮನೆ ದಾಟಿದರು. ಆಮೇಲೆ ಸಿಕ್ಕಳು ಮಹಿಷಮರ್ದಿನಿ! ಅತ್ತಿ ಕುಂಕುಮದ ಭರಣಿ ತೆರೆದದ್ದೇ ತಡ, ಕಾವಲುಗಾರನ ಸೀಟಿ.

“ಯವ್ವಾ, ಮೂರ್ತಿಗೆ ಏನೂ ಹಚ್ಚಬ್ಯಾಡ್ರಿ!”

ನಾನು ಸುಮ್ಮನಿದ್ದರೆ ಚೆನ್ನಾಗಿತ್ತು. “ಅತ್ತಿ, ಇದು ದುರ್ಗವ್ವನ ಗುಡಿ ಅಲ್ಲ. ದುರ್ಗ ಅಂದ್ರ ಕೋಟೆ. ಶಾಸನದ ಪ್ರಕಾರ ಇದು ಸೂರ್ಯನ ಗುಡಿ.”

ಅತ್ತಿ ಚೀಲ ನೋಡಿದರು, ಆಕಾಶ ನೋಡಿದರು. “ಸೂರ್ಯಪ್ಪಗ ಉಡಿ ತುಂಬಾಕ ಬರತೈತೇನೋ ತಮ್ಮಾ?”

ನಾನು ಓದಿದ ಯಾವ ಪುಸ್ತಕದಲ್ಲೂ ಇದಕ್ಕೆ ಉತ್ತರವಿರಲಿಲ್ಲ. ಕಾವಲುಗಾರ ಕೂಡ ಯೋಚಿಸುತ್ತಾ ನಿಂತ.

ಅತ್ತಿ ಕಾಯಲಿಲ್ಲ. ಹುಡುಗಿಯನ್ನು ಕಟ್ಟೆಯ ಮೇಲೆ ಕೂರಿಸಿದರು. ಜೀನ್ಸ್ ತೊಟ್ಟವಳಿಗೆ ಸೆರಗೆಲ್ಲಿಯದು? ಟೀಶರ್ಟಿನ ಅಂಚನ್ನೇ ಚಾಚಿದಳು. ಖಣ ಬಿತ್ತು, ಅಕ್ಕಿ ಬಿತ್ತು, ಕಾಯಿ ಬಿದ್ದಾಗ ಟೀಶರ್ಟು ಮೊಣಕಾಲಿನ ತನಕ ಜಗ್ಗಿತು. ಕಾವಲುಗಾರ ಗಂಟಲು ಸರಿಮಾಡಿಕೊಂಡು ತನ್ನ ಡ್ಯೂಟಿ ಮುಗಿಸಿದ: “ಕಾಯಿ ಒಡಿಯೂದಾದ್ರ ಗೇಟಿನ ಹೊರಗ ಒಡೀರಿ. ನನಗೂ ಒಂದು ಹೋಳು ಇಡ್ರಿ.”